ನೂಲಿಗೂ ಹುರಿ, ಗುಂಡಿಗೂ ಹುರಿ

ತಿರುಪ್ಪೂರಿನ ಹತ್ತಿರ ನೂಲಿನ ಮಿಲ್ಲಿನಲ್ಲಿರುವ ಅಕ್ಕನ ಮಗ ಹೋದ ತಿಂಗಳು ಮನೆಗೆ ಬಂದವನೇ ಕೇಳಿದ: "ಮಾವ, ಒಂದು ರೈಫಲ್ ತಗೋಬೇಕು. ಗುರಿ ಕಲಿಯೋಕೂ ಆಗ್ಬೇಕು, ತೋಟಕ್ಕೆ ಬರೋ ಹಂದಿ, ನವಿಲಿಗೂ ಆಗ್ಬೇಕು. ಯಾವುದು ತಗೊಳ್ಳಲಿ?"

ಹಂದಿ, ನವಿಲಿನ ಮಾತನ್ನು ಅಲ್ಲೇ ನಿಲ್ಲಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ನವಿಲು ರಾಷ್ಟ್ರಪಕ್ಷಿ, ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಜೀವಿ. ಹಂದಿ ಬೆಳೆ ತಿಂದರೆ ದೂರು ಕೊಡಬೇಕಾದದ್ದು ಅರಣ್ಯ ಇಲಾಖೆಗೆ. ಆನೈಮಲೈ ಹುಲಿ ಮೀಸಲು ಪ್ರದೇಶ ಪೊಳ್ಳಾಚಿ, ವಾಲ್ಪಾರೈಯಿಂದ ಉಡುಮಲೈವರೆಗೆ ಚಾಚಿಕೊಂಡಿರುವಾಗ ಕಾಡಿನ ಪ್ರಾಣಿಗಳು ತೋಟದ ಅಂಚಿಗೆ ಬರುವುದು ಸಹಜವೇ. ಕಾನೂನಿಗಿಂತ ಮೊದಲು ನನ್ನನ್ನು ತಡೆಯುವುದು ಬೇರೆ ಸಂಗತಿ: ಸಣ್ಣ ಗುಂಡು ಹಂದಿಯನ್ನು ಕೊಲ್ಲುವುದಿಲ್ಲ. ಮಾಂಸದಲ್ಲಿ ಉಳಿದು, ಕೀವಾಗಿ, ದಿನಗಟ್ಟಲೆ ನರಳಿಸುತ್ತದೆ.

ಉಳಿದದ್ದು ಗುರಿಯ ಪ್ರಶ್ನೆ. ಅದಕ್ಕೆ ಅವನ ಕಸುಬಿನಲ್ಲೇ ಉತ್ತರವಿತ್ತು.

ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದಿರುತ್ತಾರೆ. ಗುಂಡು ಅವನ್ನು ಕಚ್ಚಿಕೊಂಡು ತಿರುಗುತ್ತಾ ಹೊರಬರುತ್ತದೆ. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುವ ಹಾಗೆ, ತಿರುಗುವ ಗುಂಡು ಮೂತಿ ಮುಂದಿಟ್ಟುಕೊಂಡೇ ಹೋಗುತ್ತದೆ. ಮಿಲ್ಲಿನಲ್ಲಿ ಒಂದು ಅಂಗುಲ ನೂಲಿಗೆ ಎಷ್ಟು ಹುರಿ ಎಂದು ಎಣಿಸಿದರೆ, ನಳಿಗೆಯಲ್ಲಿ ಎಷ್ಟು ಅಂಗುಲಕ್ಕೆ ಒಂದು ಸುತ್ತು ಎಂದು ಎಣಿಸುತ್ತಾರೆ. .22 ರೈಫಲ್ಲಿನಲ್ಲಿ, ಅಂದರೆ ನಳಿಗೆಯ ಬಾಯಳತೆ 0.22 ಅಂಗುಲ ಇರುವುದರಲ್ಲಿ, ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು. ಬನಿಯನ್ ನೂಲಿಗೆ ಹುರಿ ಕಡಿಮೆ, ಹಾಸಿನ ನೂಲಿಗೆ ಹೆಚ್ಚು ತಾನೆ? ಹಾಗೆಯೇ ಗಿಡ್ಡ ಗುಂಡಿಗೆ ಕಡಿಮೆ ಸುತ್ತು ಸಾಕು, ಉದ್ದನೆಯದಕ್ಕೆ ಹೆಚ್ಚು ಬೇಕು. ಸೆಕೆಂಡಿಗೆ 330 ಮೀಟರ್ ಓಡುವ .22 ಗುಂಡು ಅಷ್ಟರಲ್ಲಿ ಸುಮಾರು 800 ಸುತ್ತು ತಿರುಗುತ್ತದೆ, ಅಂದರೆ ನಿಮಿಷಕ್ಕೆ 48 ಸಾವಿರ. ಮಿಲ್ಲಿನಲ್ಲಿ ನೂಲುವ ರಿಂಗ್ ಫ್ರೇಮಿನ ಕದಿರು ತಿರುಗುವುದು ನಿಮಿಷಕ್ಕೆ ಹದಿನೆಂಟು, ಇಪ್ಪತ್ತು ಸಾವಿರ. ಅದನ್ನು ಕೇಳಿ ಹುಡುಗ ಸುಮ್ಮನಾದ.

ಹಾಗಾದರೆ .22 ತಗೊಳ್ಳೋಣವೇ? ಬೇಡ ಎಂದೆ. ಅದಕ್ಕೆ ಲೈಸೆನ್ಸ್ ಬೇಕು, ಅದರ ಗುಂಡು ಒಂದೂವರೆ ಕಿಲೋಮೀಟರ್‌ವರೆಗೆ ಹೋಗಬಲ್ಲದು. ಇನ್ನೊಂದು ತೊಡಕು ನಮ್ಮ ಸೀಮೆಯದೇ, ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿಗಾಗಿಯೇ ಉಡುಮಲೈ, ಪಲ್ಲಡಂ ಬಯಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟಿದ್ದಾರೆ. ಬೈಸಿಕಲ್ ತುಳಿಯುವಷ್ಟು ವೇಗದ ಗಾಳಿ ಅಡ್ಡ ಬೀಸಿದರೆ 50 ಮೀಟರಿನಲ್ಲಿ .22 ಗುಂಡು ಸುಮಾರು ಎರಡು ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಹತ್ತು ಅಂಕದ ವೃತ್ತದ ಅಗಲವೇ 10.4 ಮಿಲಿಮೀಟರ್! ವೇಗದ ಗುಂಡು ಹಾಕಿದರೆ ಗಾಳಿಗೆ ಜಗ್ಗುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಆಗುವುದು ತದ್ವಿರುದ್ಧ. ಶಬ್ದದ ವೇಗವನ್ನು ದಾಟಿದ ಗುಂಡಿಗೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ಹಾರಾಟದಲ್ಲಿ ವೇಗ ಎಷ್ಟು ಬೇಗ ಕಳೆದುಹೋಗುತ್ತದೋ, ಅಡ್ಡಗಾಳಿಗೆ ಅಷ್ಟು ಹೆಚ್ಚು ಸರಿಯುತ್ತದೆ. ಸ್ಪರ್ಧೆಯ .22 ಗುಂಡುಗಳನ್ನು ಶಬ್ದದ ವೇಗಕ್ಕಿಂತ ತುಸು ಕೆಳಗೇ ಇಡುವುದು ಇದಕ್ಕಾಗಿ.

ಮೊದಲ ರೈಫಲ್ 4.5 ಮಿಲಿಮೀಟರಿನ ಏರ್ ರೈಫಲ್ ಆಗಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬಾಯಳತೆ ಅಷ್ಟನ್ನು, ಶಕ್ತಿ 20 ಜೂಲ್ ಅನ್ನು ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. .22 ಗುಂಡಿನ ಶಕ್ತಿ ಸುಮಾರು 140 ಜೂಲ್. 10 ಮೀಟರ್ ಸ್ಪರ್ಧೆಯ ಏರ್ ರೈಫಲ್ಲಿನದು ಎಂಟು ಜೂಲ್ ಇದ್ದೀತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಆಟದಲ್ಲಿ. ಕೊನೆಯ ಗುಂಡಿಗೆ ಅವರಿಗೆ ಬಂದ ಅಂಕ 10.8.

ಏರ್ ರೈಫಲ್ಲಿನಲ್ಲಿ ಮುಖ್ಯವಾಗಿ ಎರಡು ಜಾತಿ. ಸ್ಪ್ರಿಂಗ್‌ನದು ಅಗ್ಗ, ಹೊಂದಿಸಿಕೊಳ್ಳಲು ಕಷ್ಟ. ಟ್ರಿಗರ್ ಎಳೆದಾಗ ಬಲವಾದ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ದಬ್ಬುತ್ತದೆ. ರೈಫಲ್ ಮೊದಲು ಹಿಂದಕ್ಕೆ, ಪಿಸ್ಟನ್ ತಡೆದು ನಿಂತಾಗ ಮುಂದಕ್ಕೆ ಎಗರುತ್ತದೆ. ಪೆಲೆಟ್, ಅಂದರೆ ಏರ್ ರೈಫಲ್ಲಿನ ಗುಂಡು, ಇನ್ನೂ ನಳಿಗೆಯೊಳಗಿರುವಾಗಲೇ ಇದಿಷ್ಟೂ ಆಗುತ್ತದೆ. ಬಿಗಿಯಾಗಿ ಹಿಡಿದರೆ ಪೆಲೆಟ್ ಎಲ್ಲೆಲ್ಲೋ ಬೀಳುತ್ತದೆ. ಅಂಗೈ ಮೇಲೆ ಹಗುರಾಗಿ, ಪ್ರತಿ ಸಲವೂ ಒಂದೇ ಜಾಗದಲ್ಲಿ ಇಟ್ಟುಕೊಂಡರೆ ಮಾತ್ರ ಪೆಲೆಟ್‌ಗಳು ಒಂದೆಡೆ ಕೂಡಿಕೊಳ್ಳುತ್ತವೆ. ಇನ್ನೊಂದರಲ್ಲಿ ಮೊದಲೇ ತುಂಬಿಸಿಟ್ಟ ಗಾಳಿಯ ಸಿಲಿಂಡರ್ ಇರುತ್ತದೆ, ಒತ್ತಡ 200 ಬಾರ್‌ನಷ್ಟು, ಕಾರಿನ ಟೈರಿನದಕ್ಕಿಂತ ಸುಮಾರು ನೂರು ಪಟ್ಟು. ಅದು ಎಗರುವುದಿಲ್ಲ. ದುಡ್ಡು ಹೆಚ್ಚು, ತುಂಬಿಸಲು ಪಂಪೂ ಬೇಕು. ಕೈಯಲ್ಲಿ ದುಡ್ಡಿಲ್ಲದವರು ಸ್ಪ್ರಿಂಗ್‌ನಲ್ಲೇ ಕಲಿಯಲಿ, ನಾನು ಕಲಿತದ್ದೂ ಹಾಗೆಯೇ.

ಕೊಳ್ಳುವಾಗ ಡಬ್ಬಿಯ ಮೇಲಿನ ವೇಗದ ಅಂಕಿ ನೋಡಿ ಮಾರುಹೋಗಬಾರದು. ಹಿಂಬದಿಯ ಕಟ್ಟಿಗೆ ಭುಜಕ್ಕೆ ಒಪ್ಪುತ್ತದೆಯೇ, ಕೆನ್ನೆಯಿಟ್ಟರೆ ಕಣ್ಣು ತಾನಾಗಿ ಗುರಿಕಿಂಡಿಗೆ ಬರುತ್ತದೆಯೇ, ಟ್ರಿಗರ್ ಎಲ್ಲಿ ಬಿಡುತ್ತದೆಂದು ಬೆರಳಿಗೆ ಗೊತ್ತಾಗುತ್ತದೆಯೇ, ಇವನ್ನು ನೋಡಬೇಕು. 10 ಮೀಟರ್ ಗುರಿಹಲಗೆಯ ನಡುಬೊಟ್ಟಿನ ಅಗಲ ಅರ್ಧ ಮಿಲಿಮೀಟರ್. ಮುಂದಿನ ಗುರಿಗೂ ಹಿಂದಿನ ಗುರಿಗೂ 80 ಸೆಂಟಿಮೀಟರ್ ಅಂತರವಿದ್ದರೆ, ಅವೆರಡರ ಹೊಂದಾಣಿಕೆಯಲ್ಲಿ 0.04 ಮಿಲಿಮೀಟರ್ ತಪ್ಪಿದರೂ ಆ ಅರ್ಧ ಮಿಲಿಮೀಟರ್ ಕಳೆದುಹೋಗುತ್ತದೆ. ತಲೆಗೂದಲಿನ ದಪ್ಪ ಇದಕ್ಕಿಂತ ಹೆಚ್ಚು. ಕೊಯಮತ್ತೂರಿನ ಲೇತ್ ಮೇಸ್ತ್ರಿಗಳಿಗೆ ಈ ಲೆಕ್ಕ ಹೊಸದಲ್ಲ.

ಮುಂದಿನ ಭಾನುವಾರ ಅವನನ್ನು ಅಭ್ಯಾಸದ ಜಾಗಕ್ಕೆ ಕರೆದೊಯ್ದೆ, ಕಣ್ಣಿಗೆ ಕನ್ನಡಕ ಹಾಕಿಸಿ. ಐದು ಪೆಲೆಟ್ ಹೊಡೆದ. ಐದೂ ತೂತು ಕಾಗದದ ಎಡಕ್ಕೇ ಬಿದ್ದಿದ್ದವು, ಹತ್ತು ರೂಪಾಯಿ ನಾಣ್ಯ ಮುಚ್ಚಿದರೂ ಒಂದು ಹೊರಗುಳಿಯಿತು. ಟ್ರಿಗರನ್ನು ಬೆರಳಿನ ತುದಿಯಿಂದ ನೇರ ಹಿಂದಕ್ಕೆ ಒತ್ತದೆ ಪಕ್ಕಕ್ಕೆ ಎಳೆಯುತ್ತಿದ್ದ. ತೋರಿಸಿಕೊಟ್ಟ ಮೇಲೆ ಮುಂದಿನ ಐದು ನಡುವಿಗೆ ಸರಿದವು. ಪೆಲೆಟ್‌ಗಳು ಸೀಸದವು, ಸೀಸ ವಿಷ. ಬುತ್ತಿ ಬಿಚ್ಚುವ ಮುಂಚೆ ಇಬ್ಬರೂ ಸೋಪು ಹಚ್ಚಿ, ಉಗುರಿನ ಸಂದಿಯವರೆಗೂ ಕೈ ತೊಳೆದುಕೊಂಡೆವು.