ಬಾಕಿ ಹೇಳಬಹುದು, ದಾರಿ ಹೇಳುವಂತಿಲ್ಲ

ಬಹುಪಾಲು ಆಟಗಳಲ್ಲಿ ಅಂಕ ಸೊನ್ನೆಯಿಂದ ಮೇಲೇರುತ್ತದೆ; ಡಾರ್ಟ್ಸ್‌ನಲ್ಲಿ 501ರಿಂದ ಕೆಳಗಿಳಿಯುತ್ತದೆ. ಒಂದು ಸರದಿಗೆ ಮೂರು ಡಾರ್ಟ್. ಬಿದ್ದ ಅಂಕಗಳನ್ನು ಕೂಡಿ, ಬಾಕಿಯಿಂದ ಕಳೆದು, ಎದುರಾಳಿಗಿಂತ ಮೊದಲು ಸೊನ್ನೆ ಮುಟ್ಟಬೇಕು. ಆ ಕೊನೆಯ ಡಾರ್ಟ್ ಬೋರ್ಡಿನ ಹೊರ ಅಂಚಿನ, ಅಂಕ ಇಮ್ಮಡಿಯಾಗುವ ಡಬಲ್ ಪಟ್ಟಿಗೋ ನಟ್ಟನಡುವಿನ ಬುಲ್‌ಗೋ ನಾಟಲೇಬೇಕು. ಎಸೆಯುವ ಕೈಗಳು ಜಗತ್ತಿಗೆಲ್ಲ ಗೊತ್ತು. ಫಿಲ್ ಟೇಲರ್ 16 ಬಾರಿ ವಿಶ್ವ ಚಾಂಪಿಯನ್ ಆದರು. ಲ್ಯೂಕ್ ಲಿಟ್ಲರ್ 2025ರಲ್ಲಿ 17ರ ಹರೆಯದಲ್ಲೇ ಆ ಪಟ್ಟ ಹಿಡಿದರು. ಬೋರ್ಡಿನ ಪಕ್ಕದಲ್ಲಿದ್ದು ಈ ಕಳೆಯುವ ಲೆಕ್ಕ ಇಡುವವರ ಬಗ್ಗೆ ಬರೆದದ್ದು ಕಡಿಮೆ. ಆಟದ ಅರ್ಧ ಪಾಲು ಅವರದ್ದು ಎಂದು ನಾನು ನಂಬಿದ್ದೇನೆ.

ಅವರ ದೊಡ್ಡ ಹಬ್ಬ ನಡೆಯುವುದು ಉತ್ತರ ಲಂಡನ್ನಿನ ಗುಡ್ಡದ ಮೇಲಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಲ್ಲಿ. 1873ರಲ್ಲಿ ತೆರೆದು, ಹದಿನಾರೇ ದಿನಕ್ಕೆ ಸುಟ್ಟುಹೋಗಿ, 1875ರಲ್ಲಿ ಮತ್ತೆ ಎದ್ದ ಕಟ್ಟಡ ಅದು. 1936ರಲ್ಲಿ ಬಿಬಿಸಿ ತನ್ನ ನಿಯಮಿತ ಟೆಲಿವಿಷನ್ ಪ್ರಸಾರ ಶುರುಮಾಡಿದ್ದೂ ಅಲ್ಲಿಂದಲೇ. ಎಸೆಕ್ಸ್‌ನ ಸರ್ಕಸ್ ಟ್ಯಾವರ್ನ್ ಎಂಬ ಇಕ್ಕಟ್ಟಾದ ಸಭಾಂಗಣದಲ್ಲಿ 1994ರಿಂದ ನಡೆಯುತ್ತಿದ್ದ, ವೃತ್ತಿಪರ ಡಾರ್ಟ್ಸ್ ಸಂಸ್ಥೆಯಾದ ಪಿಡಿಸಿಯ ವಿಶ್ವ ಚಾಂಪಿಯನ್‌ಷಿಪ್ 2007ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂತು. ಭಾರತದ ನಿತಿನ್ ಕುಮಾರ್ ಕೂಡ ಆಡಿದ ವೇದಿಕೆ ಇದು. ಮೊದಮೊದಲ ಸುತ್ತುಗಳಲ್ಲಿ ದಿನಕ್ಕೆ ಎರಡು ಅಧಿವೇಶನ. ಮಧ್ಯಾಹ್ನದ್ದು ಮುಗಿದು ಉಸಿರಾಡುವಷ್ಟರಲ್ಲಿ ಸಂಜೆಯದ್ದು. ಉದ್ದುದ್ದ ಮೇಜುಗಳ ಸುತ್ತ ಬಣ್ಣಬಣ್ಣದ ವೇಷ ಹಾಕಿ ಕೂತ ಸಾವಿರಾರು ಜನ, ಬಿಯರ್, ಹಾಡು. ಆ ಗದ್ದಲದ ನಡುವೆ ಕೂಡಿ ಕಳೆಯುವ ಕೆಲಸ.

ವೇದಿಕೆಯಲ್ಲಿ ಬೋರ್ಡಿನ ಬಳಿ ನಿಲ್ಲುವವರು ರೆಫರಿ. ಬಿದ್ದ ಅಂಕವನ್ನು ಗಟ್ಟಿಯಾಗಿ ಕೂಗುವುದರಿಂದ ಅವರನ್ನು ಕಾಲರ್ ಎನ್ನುವ ರೂಢಿ. ಅತ್ತಿತ್ತ ಪರದೆಯ ಮುಂದಿದ್ದು ಅಂಕ ದಾಖಲಿಸುವವರು ಮಾರ್ಕರ್‌ಗಳು. ಆಟಗಾರ ನಿಲ್ಲುವ ಗೆರೆಯಿಂದ ಬೋರ್ಡಿಗೆ 2.37 ಮೀಟರ್, ಅಷ್ಟು ದೂರ ನಡೆದು ಬಂದು ಆತ ಡಾರ್ಟ್ ಕೀಳುವುದಕ್ಕೆ ಮುಂಚೆ ಮೊತ್ತ ಹೊರಬಿದ್ದಿರಬೇಕು. ಮೂರರ ಮಗ್ಗಿ ಇಪ್ಪತ್ತರವರೆಗೂ ನಿದ್ದೆಯಲ್ಲೂ ಬರಬೇಕು: ಟ್ರಿಬಲ್ 19 ಅಂದರೆ 57, ಟ್ರಿಬಲ್ 17 ಅಂದರೆ 51. ಟ್ರಿಬಲ್ 20ಕ್ಕೆ ಒಂದು, ಪಕ್ಕಕ್ಕೆ ಜಾರಿ 5ಕ್ಕೆ ಒಂದು, ಮತ್ತೆ ಟ್ರಿಬಲ್ 19ಕ್ಕೆ ಒಂದು ಬಿದ್ದರೆ 122. ಬಾಕಿ 385 ಇದ್ದದ್ದು 263 ಆಯಿತು. ಪರದೆಯೂ ಕಳೆಯುತ್ತದೆ, ನಿಜ. ಆದರೆ ಕಣ್ಣು ಓದಿ ಬಾಯಿ ಹೇಳಿದ ಸಂಖ್ಯೆ ತಪ್ಪಿದ್ದರೆ ಯಂತ್ರ ಅದೇ ತಪ್ಪನ್ನು ನಿಷ್ಠೆಯಿಂದ ಕಳೆಯುತ್ತದೆ.

ಈ ಓದುವ ಕೆಲಸವೂ ಸಲೀಸಲ್ಲ. ಬೋರ್ಡಿನ ಒಟ್ಟು ಅಗಲ 45 ಸೆಂಟಿಮೀಟರ್‌ನಷ್ಟು. ಅದರಲ್ಲಿ ಟ್ರಿಬಲ್ ಪಟ್ಟಿಯದ್ದು 8 ಮಿಲಿಮೀಟರ್ ಮಾತ್ರ. ಮೂರು ಡಾರ್ಟ್ ಒಟ್ಟೊಟ್ಟಿಗೆ ನಾಟಿದಾಗ ಹಿಂಬದಿಯ ರೆಕ್ಕೆಗಳು ಮೊನೆಯನ್ನು ಮರೆಮಾಡುತ್ತವೆ. ಮೊನೆ ತಂತಿಯ ಯಾವ ಬದಿಗಿದೆ ಎಂಬುದೇ ನಿರ್ಣಾಯಕ, ಡಾರ್ಟ್ ಎತ್ತ ವಾಲಿದೆ ಎಂಬುದಲ್ಲ. ಹಾಗಾಗಿ ಕಾಲರ್ ಕುತ್ತಿಗೆ ಚಾಚಿ, ಒಮ್ಮೊಮ್ಮೆ ಬೋರ್ಡಿನ ಹತ್ತಿರಕ್ಕೇ ಹೋಗಿ ನೋಡುವುದುಂಟು. ತಂತಿಗೆ ತಾಗಿ ಕೆಳಗೆ ಬಿದ್ದ ಡಾರ್ಟಿಗೆ ಸೊನ್ನೆ. ಮೊದಲೇ ನಾಟಿದ ಡಾರ್ಟಿನ ಬೆನ್ನಿಗೆ ಚುಚ್ಚಿಕೊಂಡು ಬೋರ್ಡು ಮುಟ್ಟದೆ ಉಳಿದದ್ದಕ್ಕೂ ಸೊನ್ನೆ. ಅಂಥ ಎಸೆತಕ್ಕೆ ಜನ ಎಷ್ಟೇ ಚಪ್ಪಾಳೆ ತಟ್ಟಲಿ, ಲೆಕ್ಕಕ್ಕಿಲ್ಲ. ಬಾಕಿಗಿಂತ ಹೆಚ್ಚು ಗಳಿಸಿದರೆ, ಬಾಕಿ ಸರಿಯಾಗಿ 1ಕ್ಕೆ ಬಂದು ನಿಂತರೆ, ಅಥವಾ ಡಬಲ್ ಇಲ್ಲದೆ ಸೊನ್ನೆಯಾದರೆ ಆ ಸರದಿಯೇ ರದ್ದು. ಅದಕ್ಕೆ ಮುಂಚೆ ಇದ್ದ ಬಾಕಿಗೇ ಮರಳಬೇಕು.

ಇನ್ನು ಈ ಕಸುಬಿನ ತಿರುಳಿಗೆ ಬರುತ್ತೇನೆ. ಒಂದೇ ಸರದಿಯಲ್ಲಿ ಮುಗಿಸಬಹುದಾದ ಅತಿ ದೊಡ್ಡ ಬಾಕಿ 170: ಎರಡು ಟ್ರಿಬಲ್ 20, 50 ಅಂಕದ ಒಂದು ಬುಲ್. ಅದರ ಕೆಳಗೂ 169, 168, 166, 165, 163, 162, 159 ಇವಿಷ್ಟನ್ನು ಮೂರು ಡಾರ್ಟಿನಲ್ಲಿ ಮುಗಿಸಲು ಬರುವುದಿಲ್ಲ. ಮಿಕ್ಕ ಪ್ರತಿ ಸಂಖ್ಯೆಗೂ ದಾರಿಯಿದೆ, ಕೆಲವಕ್ಕೆ ಹತ್ತಾರು. ಆ ದಾರಿಗಳೆಲ್ಲ ಕಾಲರ್‌ಗೆ ಬಾಯಿಪಾಠ. ಆಟಗಾರ ಎಸೆತದ ನಡುವೆ ತಿರುಗಿ ಎಷ್ಟು ಬಿತ್ತು, ಎಷ್ಟು ಉಳಿಯಿತು ಎಂದು ಕೇಳಿದರೆ ಕಾಲರ್ ಹೇಳಬಹುದು. ಯಾವ ದಾರಿಯಲ್ಲಿ ಮುಗಿಸಬೇಕೆಂದು ಮಾತ್ರ ಹೇಳಕೂಡದು. 81 ಬಾಕಿ ಇದ್ದವನು ಟ್ರಿಬಲ್ 19ಕ್ಕೆ ಗುರಿಯಿಟ್ಟ ಎನ್ನಿ. ಸಿಕ್ಕಿದ್ದರೆ 24 ಉಳಿದು ಡಬಲ್ 12ಕ್ಕೆ ಮುಗಿಯುತ್ತಿತ್ತು. ಸಿಕ್ಕಿದ್ದು ಬರಿಯ 19. ಕೈಯಲ್ಲಿ ಎರಡು ಡಾರ್ಟ್, ಎದುರಿಗೆ ಕಿರುಚುವ ಜನ, ತಲೆ ಒಂದು ಕ್ಷಣ ಖಾಲಿ. ಆತ ಕಾಲರ್ ಕಡೆ ನೋಡುತ್ತಾನೆ. ಉತ್ತರ ‘62’, ಅಷ್ಟೇ. ಟ್ರಿಬಲ್ 10 ಹೊಡೆದರೆ 32 ಉಳಿಯುತ್ತದೆ, ಆಮೇಲೆ ಡಬಲ್ 16 ಎಂಬುದು ಆ ಬಾಯಿಯಿಂದ ಹೊರಡುವಂತಿಲ್ಲ. ಬಾಕಿ ಹೇಳುವಾಗಲೂ ‘32’ ಎನ್ನಬೇಕು. ‘ಡಬಲ್ 16’ ಎಂದರೆ ಅದು ಸಲಹೆಯಾಯಿತು.

ಎಷ್ಟು ಸಣ್ಣ ವ್ಯತ್ಯಾಸ, ಎಷ್ಟು ದೊಡ್ಡ ಗೌರವ! ಲೆಕ್ಕ ಇಬ್ಬರ ನಡುವಿನ ಸಾರ್ವಜನಿಕ ಸತ್ಯ, ಅದು ಕೇಳಿದವರಿಗೆಲ್ಲ ಸಿಗಬೇಕು. ದಾರಿ ಆಟಗಾರನ ಸ್ವಂತ ಬುದ್ಧಿ, ಅದನ್ನು ಬೇರೊಬ್ಬರು ಮುಟ್ಟಬಾರದು. ಗೊತ್ತಿದ್ದೂ ಮುಖದ ಗೆರೆಯಲ್ಲೂ ತೋರಗೊಡದೆ ನಿಲ್ಲುವುದು ಕೂಗುವುದಕ್ಕಿಂತ ಕಷ್ಟದ ವಿದ್ಯೆ ಎಂದು ನನಗನ್ನಿಸುತ್ತದೆ.

ಈ ವಿದ್ಯೆ ಬಂದದ್ದು ಇಂಗ್ಲೆಂಡಿನ ಪಬ್‌ಗಳ ಕಪ್ಪು ಹಲಗೆಯಿಂದ. ಹಲಗೆಯ ಮೇಲೆ ಪ್ರತಿ ಆಟಗಾರನಿಗೆ ಎರಡು ಸಾಲು: ಒಂದರಲ್ಲಿ ಗಳಿಸಿದ್ದು, ಇನ್ನೊಂದರಲ್ಲಿ ಉಳಿದದ್ದು. ಸೀಮೆಸುಣ್ಣ ಹಿಡಿದವರು ಹಲಗೆಗೆ ಮುಖ ಮಾಡಿ ಅಲುಗಾಡದೆ ನಿಲ್ಲಬೇಕು, ಎಸೆಯುವವನತ್ತ ತಿರುಗಬಾರದು. ಆಟಗಾರನಿಗೆ ಡಬಲ್ 8 ಬೇಕಾಗಿದ್ದಾಗ ಲೆಕ್ಕದವರ ತಲೆ ಬೋರ್ಡಿನ ಎಡಕ್ಕೆ ಹೊರಳಿದರೂ ಅದೊಂದು ಸುಳಿವು, ಅದೊಂದು ಅಡಚಣೆ. ದೊಡ್ಡ ವೇದಿಕೆಗಳಲ್ಲಿ ಸೀಮೆಸುಣ್ಣದ ಜಾಗಕ್ಕೆ ಪರದೆ ಬಂದಿದೆ. ನಿಲ್ಲುವ ಶಿಸ್ತು ಹಾಗೆಯೇ ಉಳಿದಿದೆ.

ವೇದಿಕೆಯಲ್ಲಿ ಹೇಳಬಾರದ್ದನ್ನು ಹೇಳುವುದನ್ನೇ ಕೆಲಸ ಮಾಡಿಕೊಂಡ ಇನ್ನೊಬ್ಬರು ಇದೇ ಆವರಣದಲ್ಲಿದ್ದಾರೆ. ಟಿವಿ ಪ್ರಸಾರದ ನಿರ್ದೇಶಕರ ಜೊತೆ ಕೂರುವ ಇವರನ್ನು ಸ್ಪಾಟರ್ ಎನ್ನುತ್ತಾರೆ. ಮುಂದಿನ ಡಾರ್ಟ್ ಎಲ್ಲಿಗೆ ಹೋಗುತ್ತದೆ ಎಂದು ಎಸೆಯುವ ಮುಂಚೆಯೇ ಇವರು ಹೇಳಬೇಕು. ಹೇಳಿದರೆ ಮಾತ್ರ ಕ್ಯಾಮೆರಾ ಆ ಪಟ್ಟಿಯ ಮೇಲೆ ಹತ್ತಿರದಿಂದ ನೆಲೆಯಾಗಲು ಸಾಧ್ಯ. ಇವರಿಗೆ ಸಂಖ್ಯೆಯ ದಾರಿ ಗೊತ್ತಿದ್ದರೆ ಸಾಲದು, ಈ ಆಟಗಾರನಿಗೆ ಯಾವ ದಾರಿ ಇಷ್ಟ ಎಂಬುದೂ ಗೊತ್ತಿರಬೇಕು. 32 ಉಳಿಸಿಕೊಳ್ಳಲು ಹಲವರು ಆಸೆಪಡುತ್ತಾರೆ: ಡಬಲ್ 16 ತಪ್ಪಿ ಒಳಗೆ ಬಿದ್ದರೆ 16, ಅದೂ ತಪ್ಪಿದರೆ 8, ಆಮೇಲೆ 4, ಆಮೇಲೆ 2, ಕೊನೆಯವರೆಗೂ ಡಬಲ್ ಕೈಬಿಡುವುದಿಲ್ಲ. 40 ಉಳಿಸಿಕೊಂಡು ನೆತ್ತಿಯ ಡಬಲ್ 20ಕ್ಕೆ ಎಸೆಯುವವರೂ ಬಹಳ. ಮನೆಯಲ್ಲಿ ಕೂತ ನಮಗೆ ಡಾರ್ಟ್ ನಾಟುವ ಕ್ಷಣವೇ ಕಾಣುವುದು ಇವರ ದೆಸೆಯಿಂದ.

ದನಿಯ ಮಾತು ಬಂದರೆ ರಸ್ ಬ್ರೇ ಅವರ ಹೆಸರು ಹೇಳದೆ ಮುಂದೆ ಹೋಗಲಾಗದು. ಹಿಂದೆ ಪೊಲೀಸರಾಗಿದ್ದ ಬ್ರೇ ಗಂಟಲ ಆಳದಿಂದ ಎಳೆದೆಳೆದು ಕೂಗುತ್ತಿದ್ದ 180, ಅಂದರೆ ಮೂರು ಡಾರ್ಟಿನ ಗರಿಷ್ಠ ಅಂಕ, ಈ ಆಟದ ಗುರುತೇ ಆಗಿಬಿಟ್ಟಿತ್ತು. 2024ರ ಜನವರಿಯ ವಿಶ್ವ ಚಾಂಪಿಯನ್‌ಷಿಪ್ ಮುಗಿಸಿ ಅವರು ಆ ವೇದಿಕೆಯಿಂದ ನಿವೃತ್ತರಾದರು. ಈಗ ಕಾಲರ್ ಆಗಿರುವ ಕರ್ಕ್ ಬೆವಿನ್ಸ್ ಬ್ರಿಟನ್ನಿನ ‘ಕೌಂಟ್‌ಡೌನ್’ ಎಂಬ ಅಕ್ಷರ ಮತ್ತು ಅಂಕೆಗಳ ಟಿವಿ ಸ್ಪರ್ಧೆಯಲ್ಲಿ ಚಾಂಪಿಯನ್ ಆಗಿದ್ದವರು. ಒಬ್ಬರು ಗಂಟಲಿಂದ, ಇನ್ನೊಬ್ಬರು ಗಣಿತದಿಂದ ಈ ಕಸುಬಿಗೆ ಶೋಭೆ ತಂದರು.

ಲೆಕ್ಕದವರ ಸಹನೆಗೆ ಅತಿ ಕಠಿಣ ಪರೀಕ್ಷೆ ಒಂಬತ್ತು ಡಾರ್ಟಿನ ಲೆಗ್ (501ರಿಂದ ಸೊನ್ನೆಯವರೆಗಿನ ಒಂದು ಆಟ). 501ನ್ನು ಅದಕ್ಕಿಂತ ಕಡಿಮೆ ಎಸೆತದಲ್ಲಿ ಮುಗಿಸಲು ಬರುವುದಿಲ್ಲ. ಟಿವಿ ಕ್ಯಾಮೆರಾದ ಎದುರು ಅದನ್ನು ಮೊದಲು ಸಾಧಿಸಿದವರು ಜಾನ್ ಲೋ, 1984ರಲ್ಲಿ: ಆರು ಟ್ರಿಬಲ್ 20, ಬಳಿಕ ಟ್ರಿಬಲ್ 17, ಟ್ರಿಬಲ್ 18, ಡಬಲ್ 18. 2023ರ ವಿಶ್ವ ಫೈನಲ್‌ನಲ್ಲಿ ಒಂದೇ ಲೆಗ್‌ನಲ್ಲಿ ಇಬ್ಬರೂ ಒಂಬತ್ತು ಡಾರ್ಟಿನ ದಾರಿ ಹಿಡಿದರು. ಮೈಕೆಲ್ ವ್ಯಾನ್ ಗರ್ವೆನ್ 180, 177. ಮೈಕೆಲ್ ಸ್ಮಿತ್ 180, 177. ಎರಡೂ ಕಡೆ ಬಾಕಿ 144. ವ್ಯಾನ್ ಗರ್ವೆನ್ ಎರಡು ಟ್ರಿಬಲ್ 20 ನೆಟ್ಟು ಡಬಲ್ 12ನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡರು. ಸ್ಮಿತ್ ಅದೇ ದಾರಿಯಲ್ಲಿ ಹೋಗಿ ಅದೇ ಡಬಲ್ 12ಕ್ಕೆ ಮುಗಿಸಿದರು. ಸಭಾಂಗಣವೆಲ್ಲ ಎದ್ದು ಕುಣಿಯುವಾಗಲೂ ಬೋರ್ಡಿನ ಬಳಿಯಿದ್ದವರು ಮೊನೆ ನೋಡಿ, ಅಂಕ ದಾಖಲಿಸಿ, ಮುಂದಿನ ಲೆಗ್‌ಗೆ ಅಣಿಯಾಗಬೇಕಿತ್ತು.

ಇಂಥ ಇರುಳುಗಳು ವಿರಳ. ವರ್ಷದ ಬಹುಪಾಲು ವೃತ್ತಿಪರ ಡಾರ್ಟ್ಸ್ ನಡೆಯುವುದು ವೇದಿಕೆ, ಹಾಡು, ವೇಷ ಯಾವುದೂ ಇಲ್ಲದ ಸಭಾಂಗಣಗಳಲ್ಲಿ, ಸಾಲಾಗಿ ನೇತುಹಾಕಿದ ಬೋರ್ಡುಗಳ ಮುಂದೆ. ಪಿಡಿಸಿಯ ಪ್ಲೇಯರ್ಸ್ ಚಾಂಪಿಯನ್‌ಷಿಪ್ ಪಂದ್ಯಾವಳಿಗೆ 128 ಆಟಗಾರರು. ಒಬ್ಬರನ್ನು ಬಿಟ್ಟು ಎಲ್ಲರೂ ಸೋಲಬೇಕು, ಅಂದರೆ ಒಂದೇ ದಿನದಲ್ಲಿ 127 ಪಂದ್ಯ. ಲೆಗ್ ಒಂದಕ್ಕೆ ಇಬ್ಬರದೂ ಸೇರಿ ಹತ್ತು ಹನ್ನೆರಡು ಬಾರಿ ಕಳೆಯಬೇಕು ಎಂದಿಟ್ಟುಕೊಂಡರೂ ಸಂಜೆಯ ಹೊತ್ತಿಗೆ ಆ ಸಭಾಂಗಣದಲ್ಲಿ ಸಾವಿರಾರು ಕಳೆಯುವ ಲೆಕ್ಕ ಆಗಿರುತ್ತದೆ. ಹವ್ಯಾಸಿಗಳ ಮುಕ್ತ ಪಂದ್ಯಾವಳಿಗಳಲ್ಲಿ ಇನ್ನೊಂದು ಹಳೆಯ ಪದ್ಧತಿ ಈಗಲೂ ನಡೆಯುತ್ತಿದೆ: ಸೋತವರು ಅದೇ ಬೋರ್ಡಿನ ಮುಂದಿನ ಪಂದ್ಯಕ್ಕೆ ಲೆಕ್ಕ ಇಡಬೇಕು. ಬೇರೆ ಆಳು ಹುಡುಕುವ ತಾಪತ್ರಯವಿಲ್ಲ ಎಂಬುದು ಆಯೋಜಕರ ಅನುಕೂಲ. ಸೋಲಿನ ಬಿಸಿ ಆರುವ ಮುನ್ನ ಬೇರೆ ಇಬ್ಬರ ಆಟಕ್ಕೆ ಬೆನ್ನು ನೆಟ್ಟಗೆ ಮಾಡಿ ನಿಂತು, ಒಂದಂಕಿ ತಪ್ಪದೆ ಕಳೆಯುತ್ತಾರಲ್ಲ, ಆ ಆಟಗಾರರ ಮೇಲೆ ನನಗೆ ಗೆದ್ದವರ ಮೇಲಿರುವಷ್ಟೇ ಅಭಿಮಾನ.