ಹಳದಿ ಗೂಡಿನ ತಾಯಿ ಯಾರು?

ರಾಮನಗರದ ಮಾರುಕಟ್ಟೆಗೆ ಬರೋ ಹಳದಿ ಮಿಶ್ರತಳಿ ರೇಷ್ಮೆಗೂಡು ನೋಡಿದ್ದೀರಲ್ಲ? ಅದರ ತಾಯಿ ಮೈಸೂರು ತಳಿ, ತಂದೆ ಬಿಳಿ ಗೂಡು ಕಟ್ಟೋ ದ್ವಿತಳಿ. ಆ ತಾಯಿ ತಳಿಯನ್ನ ಉಳಿಸಿಕೊಂಡು ಬಂದಿರೋದು ನಮ್ಮ ಮಾಗಡಿ ಮತ್ತು ಪಕ್ಕದ ಕುಣಿಗಲ್ ಕಡೆಯ ಬಿತ್ತನೆ ಬೆಳೆಗಾರರು.

ಗೂಡಿನಿಂದ ಮೊಟ್ಟೆ ತಯಾರಿಸೋ ಬಿತ್ತನೆ ಕೋಠಿಯಲ್ಲಿ ಬೆಳಗಿನ ಜಾವ ಚಿಟ್ಟೆ ಗೂಡಿನಿಂದ ಹೊರಬರುತ್ತೆ. ಹಾರೋಕಾಗಲ್ಲ, ಏನೂ ತಿನ್ನಲ್ಲ. ಬದುಕೋ ಕೆಲವೇ ದಿನ ಸಂತಾನಕ್ಕೇ ಮೀಸಲು.

ದಪ್ಪ ಹೊಟ್ಟೆಯದ್ದು ಹೆಣ್ಣು. ಹೊಟ್ಟೆಯ ತುದಿಯ ಗ್ರಂಥಿಯಿಂದ ಬಾಂಬಿಕಾಲ್ ಅನ್ನೋ ರಾಸಾಯನಿಕ ಬಿಡುತ್ತೆ. 1959ರಲ್ಲಿ ಜರ್ಮನಿಯ ವಿಜ್ಞಾನಿ ಬುಟೆನಾಂಟ್ ಇದನ್ನ ಗುರುತಿಸಿದರು. ಗಂಡು ತನ್ನ ಬಾಚಣಿಗೆಯಂಥ ಕುಡಿಮೀಸೆಯಲ್ಲಿ ಇದನ್ನ ಗ್ರಹಿಸಿ, ರೆಕ್ಕೆ ಬಡಿಯುತ್ತಾ ಹತ್ತಿರ ಬರುತ್ತೆ. ಮೂರ್ನಾಲ್ಕು ಗಂಟೆ ಜೋಡಿಯಾದ ಮೇಲೆ ಬಿಡಿಸ್ತಾರೆ. ಒಂದು ಹೆಣ್ಣು ಸುಮಾರು 400 ಮೊಟ್ಟೆ ಇಡುತ್ತೆ.

ಮುಖ್ಯ ಕೆಲಸ ಆಮೇಲಿದೆ. ಪೆಬ್ರಿನ್ ರೋಗ ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತೆ. ಅದಕ್ಕೇ ತಾಯಿಚಿಟ್ಟೆಯನ್ನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ರೋಗಾಣು ಕಂಡರೆ ಆ ಮೊಟ್ಟೆಗಳನ್ನ ನಾಶ ಮಾಡ್ತಾರೆ. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ರೂಪಿಸಿದ ಈ ವಿಧಾನ ಇವತ್ತಿಗೂ ನಮ್ಮ ಬೆಳೆ ಕಾಯ್ತಿದೆ.

ಚನ್ನಪಟ್ಟಣ, ಕನಕಪುರದ ರೇಷ್ಮೆ ಬೆಳೆಗಾರರೇ, ಪರೀಕ್ಷೆಯಾದ ರೋಗರಹಿತ ಮೊಟ್ಟೆಯನ್ನೇ ಪರವಾನಗಿ ಇರೋ ಕೋಠಿಯಿಂದ ತನ್ನಿ. ಮೊಟ್ಟೆ ಚೆನ್ನಾಗಿದ್ದರೇ ಬೆಳೆ ಚೆನ್ನ.