ಲೋಹದ ಗಾಜಿಗೆ ವಿಕಿರಣ ಬಡಿದರೆ ಏನಾಗುತ್ತೆ?

ಅಮೆರಿಕದಲ್ಲಿ ಐಫೋನ್ 3ಜಿ ಜೊತೆ ಬರ್ತಿದ್ದ ಸಿಮ್ ಪಿನ್ ಮಾಮೂಲಿ ಸ್ಟೀಲಿನದ್ದಲ್ಲ. ಅದು ಲೋಹದ ಗಾಜು.

ಗಾಜು ಅಂದಕೂಡಲೇ ಕಿಟಕಿ ನೆನಪಿಸ್ಕೋಬೇಡಿ, ಇದರಾಚೆ ಏನೂ ಕಾಣಲ್ಲ. ಸಾಮಾನ್ಯ ಲೋಹದಲ್ಲಿ ಪರಮಾಣುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿರುತ್ತವೆ. ಕರಗಿದ ಲೋಹಕ್ಕೆ ಸಾಲು ಕಟ್ಟೋಕೂ ಪುರುಸೊತ್ತು ಕೊಡದೆ ತಣಿಸಿದರೆ, ಸಂತೆಯ ಗುಂಪಿನಂತೆ ಅಡ್ಡಾದಿಡ್ಡಿಯಾಗಿ ಗಟ್ಟಿಯಾಗುತ್ತವೆ. 1960ರಲ್ಲಿ ಕ್ಯಾಲ್‌ಟೆಕ್‌ನ ಪೋಲ್ ಡ್ಯುವೆಝ್ ತಂಡ ಚಿನ್ನ-ಸಿಲಿಕಾನ್ ಮಿಶ್ರಣದಲ್ಲಿ ಇದನ್ನು ಸಾಧಿಸಿತು. ತಣಿಸಿದ ವೇಗ? ಸೆಕೆಂಡಿಗೆ ಸುಮಾರು 10 ಲಕ್ಷ ಡಿಗ್ರಿ!

ಈ ಗಾಜಿಗೆ ಬಲ ಜಾಸ್ತಿ, ಆದರೆ ಮೊಂಡು ಸ್ವಭಾವ. ಎಳೆದರೆ ಹಿಗ್ಗಲ್ಲ. ಸುಮಾರು 10 ನ್ಯಾನೊಮೀಟರ್ ದಪ್ಪದ ಪಟ್ಟಿಯೊಂದರಲ್ಲೇ ಜಾರಿ, ಪಟ್ ಅಂತ ಮುರಿಯುತ್ತೆ.

ಈಗ ವಿಕಿರಣಕ್ಕೆ ಬರೋಣ. ಅಣು ರಿಯಾಕ್ಟರಿನ ಉಕ್ಕಿಗೆ ವರ್ಷಗಟ್ಟಲೆ ನ್ಯೂಟ್ರಾನ್ ಬಡಿದರೆ ಪರಮಾಣುಗಳು ಸಾಲು ತಪ್ಪುತ್ತವೆ. ಒಂದು ಕಡೆ ಖಾಲಿ ಜಾಗ, ಇನ್ನೊಂದು ಕಡೆ ನುಗ್ಗಿ ಕೂತ ಪರಮಾಣು. ಪದರಗಳು ಸಲೀಸಾಗಿ ಜಾರೋಕೆ ಇವು ಬಿಡಲ್ಲ. ಉಕ್ಕು ಗಡುಸಾಗುತ್ತೆ, ಜೊತೆಗೇ ಪೆಡಸಾಗುತ್ತೆ. ರಿಯಾಕ್ಟರ್ ಪಾತ್ರೆಯ ಆಯುಷ್ಯ ಲೆಕ್ಕ ಹಾಕೋರಿಗೆ ಇದು ದೊಡ್ಡ ತಲೆನೋವು.

ಲೋಹದ ಗಾಜಲ್ಲಿ ಬಹಳ ಸಲ ಇದು ಉಲ್ಟಾ. ಸಾಲೇ ಇಲ್ಲದ ಮೇಲೆ ತಪ್ಪೋದೇನು? ಸೇರಿನಲ್ಲಿ ಅಕ್ಕಿಯನ್ನು ಕುಲುಕಿ, ಒತ್ತಿ ತುಂಬಿ. ಆಮೇಲೆ ಬೆರಳಾಡಿಸಿ. ಅಕ್ಕಿ ಅಷ್ಟೇ, ಆದರೆ ಸಡಿಲಾಗಿ ಮೇಲೇರುತ್ತೆ. ವಿಕಿರಣ ಮಾಡೋದೂ ಇದನ್ನೇ. ಪರಮಾಣುಗಳ ನಡುವೆ ಸಂದು ಹೆಚ್ಚುತ್ತೆ, ಗಡಸುತನ ಸ್ವಲ್ಪ ಇಳಿಯುತ್ತೆ, ಒಂದೇ ಪಟ್ಟಿಯಲ್ಲಿ ಜಾರುವ ಬದಲು ಹೆಚ್ಚು ಜಾಗ ಸೇರಿ ಬಾಗುತ್ತೆ. ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದ ಯು. ರಾಮಮೂರ್ತಿ ಅವರೂ ಸೇರಿದ್ದ ತಂಡವೊಂದು 2010ರಲ್ಲೇ ಅಯಾನುಗಳ ಹೊಡೆತದಿಂದ ಲೋಹದ ಗಾಜಿನ ಗುಣ ಸುಧಾರಿಸುತ್ತೆ ಅಂತ ವರದಿ ಮಾಡಿತ್ತು.

ನನಗೆ ಇನ್ನೂ ಮಜಾ ಅನ್ನಿಸಿದ್ದು 2013ರ ಅಮೆರಿಕದ ಪ್ರಯೋಗ. ಪ್ಲಾಟಿನಂ ಆಧಾರಿತ ಗಾಜಿನ ನ್ಯಾನೊ ತಂತಿಗಳು ಮೊದಲು ಪಟಕ್ಕನೆ ಮುರೀತಿದ್ದವು. ಗ್ಯಾಲಿಯಂ ಅಯಾನು ಹೊಡೆದ ಮೇಲೆ ಹಿಗ್ಗತೊಡಗಿದವು. ಮತ್ತೆ ಬಿಸಿ ಮಾಡಿದರೆ? ಹಳೇ ಪೆಡಸುತನ ವಾಪಸ್.

ಹಾಗಾದ್ರೆ ನಾಳೆಯಿಂದಲೇ ರಿಯಾಕ್ಟರಿಗೆ ಹಾಕೋಣವಾ? ಅಲ್ಲೇ ಇರೋದು ತೊಡಕು. ರಿಯಾಕ್ಟರ್ ಒಳಗೆ ಬಿಸಿ ಜಾಸ್ತಿ, ವಿಕಿರಣ ಸಡಿಲಿಸಿದ್ದನ್ನು ಬಿಸಿ ಮತ್ತೆ ಬಿಗಿಯಬಹುದು. ಕೆಲವು ಗಾಜುಗಳಲ್ಲಂತೂ ವಿಕಿರಣದಿಂದಲೇ ಹರಳು ಹುಟ್ಟುತ್ತೆ. ಅಯಾನು ಪ್ರಯೋಗಗಳು ಸಾಮಾನ್ಯವಾಗಿ ಮೇಲಿನ ಕೆಲವೇ ಮೈಕ್ರೊಮೀಟರ್ ಮುಟ್ಟುತ್ತವೆ, ನ್ಯೂಟ್ರಾನ್ ಮಾತ್ರ ಆಳಕ್ಕೆ ಹೋಗುತ್ತೆ. ಟ್ರಾನ್ಸ್‌ಫಾರ್ಮರ್‌ಗೆ ಬಳಸುವ ಕಬ್ಬಿಣದ ಲೋಹಗಾಜಿನಲ್ಲಿ ಬೋರಾನ್ ಇರುತ್ತಲ್ಲ, ಅದು ನ್ಯೂಟ್ರಾನ್ ನುಂಗಿ ಒಳಗೊಳಗೇ ಹೀಲಿಯಂ ಅನಿಲ ಹುಟ್ಟಿಸುತ್ತೆ.